ದಾಂಪತ್ಯ ಮತ್ತು ಭಾವನೆಗಳ ಕುರಿತು ಪಿಎಚ್‌ಡಿ: ಇಲ್ಲಿಯೇ ಮಾಡಲೇ, ಹೊರದೇಶಕ್ಕೆ ಹೋಗಲೇ?

ಪ್ರಶ್ನೆ: ಮನೋವಿಜ್ಞಾನ ಎಂ.ಎ. ಕೊನೆಯ ವರ್ಷದಲ್ಲಿದ್ದೇನೆ. ಜಗಳದ ಹೊತ್ತಿನಲ್ಲಿ ದಂಪತಿಗಳು ಸಿಟ್ಟನ್ನು ಹೇಗೆ ನುಂಗಿಕೊಳ್ಳುತ್ತಾರೆ ಎಂಬುದರ ಮೇಲೆ ಸಂಶೋಧನೆ ಮಾಡುವ ಆಸೆಯಿದೆ. ಮನೆಯ ಜವಾಬ್ದಾರಿಯೂ ಇದೆ. ಅನುಭವಸ್ಥರು ದಯವಿಟ್ಟು ತಿಳಿಸಿ.

ಮೈಸೂರಿನ ಸಂಶೋಧಕಿ: ನಾನು ಇಲ್ಲಿಯೇ ಉಳಿದವಳು, ಅದಕ್ಕೆ ಬೇಸರವಿಲ್ಲ. 2024ರ ಜೂನ್ 18ರಂದು ಅಧ್ಯಾಪನಕ್ಕೂ ಸಂಶೋಧನಾ ವೇತನಕ್ಕೂ ಅರ್ಹತೆ ಕೊಡುವ ನೆಟ್ ಪರೀಕ್ಷೆ ಬರೆದು ಬಂದೆ. ಮರುದಿನವೇ ಇಡೀ ಪರೀಕ್ಷೆಯನ್ನು ರದ್ದುಪಡಿಸಿದರು. ಮರುಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ದೊರೆಯಿತು. ತಿಂಗಳಿಗೆ 37,000 ರೂಪಾಯಿ ಎಂಬುದೇನೋ ನಿಜ, ಆದರೆ ನನಗೆ ಅದು ತಡವಾಗಿ, ಕಂತುಕಂತಾಗಿ ಬಂದದ್ದರಿಂದ ಜೆರಾಕ್ಸ್, ಬಸ್ ಚಾರ್ಜು, ಸಂಶೋಧನೆಯಲ್ಲಿ ಭಾಗವಹಿಸಿದ ಪ್ರತಿ ಜೋಡಿಗೆ ಕೊಟ್ಟ 300 ರೂಪಾಯಿ ಗೌರವಧನ ಎಲ್ಲವನ್ನೂ ಕೈಯಿಂದಲೇ ಹಾಕಬೇಕಾಯಿತು. ಗಂಡ, ಹೆಂಡತಿ ಬೇರೆಬೇರೆ ಕುಳಿತು ಪ್ರಶ್ನಾವಳಿ ತುಂಬಬೇಕು. ಒಂದು ಮನೆಯಲ್ಲಿ ಅತ್ತೆ ಸೊಸೆಯ ಪಕ್ಕದಲ್ಲೇ ಕುಳಿತು ‘ಜಗಳವೇ ಇಲ್ಲ ಅಂತ ಬರಿ’ ಎಂದರು. ಇನ್ನೊಂದರಲ್ಲಿ ಗಂಡನೇ ಎರಡೂ ಹಾಳೆಗಳನ್ನು ತುಂಬಿಸಿ, ಹೆಂಡತಿಯ ಸಹಿ ಹಾಕಿಸಿ ಕಳುಹಿಸಿದ. ಒಬ್ಬರ ಉತ್ತರ ಕೆಟ್ಟರೆ ಇಡೀ ಜೋಡಿಯ ಮಾಹಿತಿಯೇ ಹೋದಂತೆ.

ಅಮೆರಿಕದಲ್ಲಿರುವ ವಿದ್ಯಾರ್ಥಿ: ಮೇಲಿನವರ ಕಷ್ಟ ಅರ್ಥವಾಗುತ್ತದೆ, ಆದರೆ ಅದನ್ನೇ ಹೆಗ್ಗಳಿಕೆಯಂತೆ ಹೇಳುವುದೇಕೆ? ಇಲ್ಲಿನ ಮನೋವಿಜ್ಞಾನಿಗಳಾದ ಲೆವೆನ್ಸನ್ ಮತ್ತು ಗಾಟ್‌ಮನ್ 1980ರ ದಶಕದಲ್ಲಿಯೇ ದಂಪತಿಗಳನ್ನು ಎದುರುಬದುರು ಕೂರಿಸಿ, ಮನಸ್ತಾಪದ ವಿಷಯವನ್ನೇ ಮಾತನಾಡಿಸಿ, ಎದೆಬಡಿತವನ್ನೂ ಬೆವರನ್ನೂ ಅಳೆದರು. ಸಿಟ್ಟು ನುಂಗುವುದನ್ನು ಪ್ರಶ್ನಾವಳಿಯಲ್ಲಿ ಹಿಡಿಯಲಾಗದು. ನನಗೂ ಸುಲಭವಾಗಲಿಲ್ಲ. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಗೆ 22,000 ಚಿಲ್ಲರೆ ರೂಪಾಯಿ ಕಟ್ಟಿದೆ; ಅರ್ಜಿ ಹಾಕಿದ ವಿಭಾಗಗಳಲ್ಲಿ ಹೆಚ್ಚಿನವು ಆ ಅಂಕವನ್ನು ಕೇಳಲೇ ಇಲ್ಲ. ಅರ್ಜಿ ಶುಲ್ಕಕ್ಕೆ ಅಣ್ಣನಿಂದ ಪಡೆದ ಸಾಲ ಇನ್ನೂ ತೀರಿಲ್ಲ. ಈಗ ಮುಖಭಾವಗಳನ್ನು ಗುರುತುಹಾಕುವ ಕೆಲಸ. ಒಂದು ನಿಮಿಷದ ವಿಡಿಯೊಗೆ ಒಂದು ಗಂಟೆಗೂ ಮೀರಿ ಹಿಡಿಯುತ್ತದೆ.

ಧಾರವಾಡದ ಆಪ್ತಸಮಾಲೋಚಕಿ: ಮೈಗೆ ತಂತಿ ಅಂಟಿಸಿಕೊಂಡು, ಕ್ಯಾಮೆರಾದ ಮುಂದೆ ಆಡುವ ಜಗಳವೂ ಜಗಳವೇ? ನಾನು ಕ್ಲಿನಿಕಲ್ ಸೈಕಾಲಜಿಯಲ್ಲಿ, ಅಂದರೆ ರೋಗಿಗಳ ಚಿಕಿತ್ಸೆಯ ಮನೋವಿಜ್ಞಾನದಲ್ಲಿ, ಎಂ.ಎ. ನಂತರದ ಎಂ.ಫಿಲ್. ಪದವಿ ಮಾಡಿದವಳು, ಮದುವೆಯ ಒಡವೆ ಅಡವಿಟ್ಟು ಶುಲ್ಕ ಕಟ್ಟಿದವಳು. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕಂಡಷ್ಟು ಭಾವನೆ ಯಾವ ಪ್ರಯೋಗಾಲಯದಲ್ಲಿದೆ? ಮೊದಲು ಜನರನ್ನು ನೋಡಲು ಕಲಿಯಿರಿ.

ಅಮೆರಿಕದಲ್ಲಿರುವ ವಿದ್ಯಾರ್ಥಿ: ಚಿಕಿತ್ಸೆಗೆ ಬರುವ ಜೋಡಿಗಳನ್ನಷ್ಟೇ ನೋಡಿ ಎಲ್ಲ ದಾಂಪತ್ಯಗಳ ಬಗ್ಗೆ ತೀರ್ಪು ಕೊಡುವುದು ಸಂಶೋಧನೆಯಲ್ಲ, ಮೇಡಂ.

ಮೈಸೂರಿನ ಸಂಶೋಧಕಿ: ಇಬ್ಬರಿಗೂ ಒಂದು ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನಿಯಮಗಳಲ್ಲಿ ಎಂ.ಫಿಲ್. ನಿಲ್ಲಿಸಿತು, ಕ್ಲಿನಿಕಲ್ ವಿಭಾಗಕ್ಕೆ ಕೊಟ್ಟ ವಿನಾಯಿತಿಯೂ 2025–26ರವರೆಗೆ ಮಾತ್ರ. ಇಲ್ಲದ ದಾರಿಯನ್ನು ತೋರಿಸುವುದು ಬೇಡ.

ಧಾರವಾಡದ ಆಪ್ತಸಮಾಲೋಚಕಿ: ಪದವಿಯ ಹೆಸರು ಬದಲಾಗಬಹುದು, ರೋಗಿಗಳ ಎದುರು ಕೂರುವ ತರಬೇತಿ ಬೇಡವಾಗುವುದಿಲ್ಲ. ಹಾಳೆ ಹಂಚಿ ಬಂದವರಿಗೆ ಅದು ತಿಳಿಯಲಾರದು.

ಮೈಸೂರಿನ ಸಂಶೋಧಕಿ: ಹಾಳೆ ಹಂಚಿದ್ದಲ್ಲ, ಅದರ ಒಂದೊಂದು ವಾಕ್ಯವನ್ನೂ ಕನ್ನಡಕ್ಕೆ ತಂದು, ಬೇರೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ಒರೆಗೆ ಹಚ್ಚಿದ್ದೇನೆ. ಆ ಖರ್ಚಿನ ರಸೀದಿಗಳೂ ನನ್ನಲ್ಲಿವೆ.