ದೇಶದ ಬಂಡವಾಳದ ಲೆಕ್ಕದಲ್ಲಿ ‘ಸವಕಳಿ’ ಎಂದರೆ ಯಾವುದು?

ಒಂದು ದೇಶದ ಕಟ್ಟಡ, ರಸ್ತೆ, ಸೇತುವೆ, ಯಂತ್ರ, ವಾಹನ ಎಲ್ಲವನ್ನೂ ಸೇರಿಸಿ ಬೆಲೆ ಕಟ್ಟುವ ವಿಷಯವನ್ನು ಕನ್ನಡದಲ್ಲಿ ಬರೆಯಹೊರಟರೆ ‘ಸವಕಳಿ’ ಎಂಬ ಮಾತಿಲ್ಲದೆ ಒಂದು ಪುಟವೂ ಮುಂದೆ ಹೋಗುವುದಿಲ್ಲ. ಡಿಪ್ರಿಸಿಯೇಷನ್‌ಗೆ, ಅಂದರೆ ಇಂಥ ಆಸ್ತಿಯ ಬೆಲೆ ವರ್ಷ ವರ್ಷ ಇಳಿಯುತ್ತ ಹೋಗುವುದಕ್ಕೆ, ಅದು ಪಠ್ಯಗಳಲ್ಲಿ ನೆಲೆನಿಂತ ಪದ. ಒಟ್ಟು ದೇಶೀಯ ಉತ್ಪನ್ನದಲ್ಲಿ ಸವಕಳಿ ಕಳೆದರೆ ನಿವ್ವಳ ದೇಶೀಯ ಉತ್ಪನ್ನ. ಇಲ್ಲಿಯವರೆಗೆ ತೊಡಕಿಲ್ಲ. ಆದರೆ ಈ ಪದದ ವ್ಯಾಪ್ತಿ ಎಲ್ಲಿಂದ ಎಲ್ಲಿಯವರೆಗೆ?

ಸವೆಯುವುದೆಂದರೆ ಬಳಸಿ ಬಳಸಿ, ಉಜ್ಜಿ ಉಜ್ಜಿ ತೆಳುವಾಗುವುದು. ಮೆಟ್ಟಿಲು ಸವೆಯುತ್ತದೆ, ನಾಣ್ಯ ಸವಕಲಾಗುತ್ತದೆ. ರಾಷ್ಟ್ರೀಯ ಲೆಕ್ಕದ ಸವಕಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಐದು ವರ್ಷದ ಕಂಪ್ಯೂಟರಿನ ಒಂದು ಭಾಗವೂ ಸವೆದಿರಲಿಕ್ಕಿಲ್ಲ. ಅದಕ್ಕಿಂತ ಚುರುಕಾದವು ಬಂದದ್ದರಿಂದ ಅದರ ಬೆಲೆ ಬಿದ್ದಿರುತ್ತದೆ. ಮೊದಲೇ ನಿರೀಕ್ಷಿಸಬಹುದಾದ ಈ ಹಳತಾಗುವಿಕೆಯೂ ಸವಕಳಿಯೊಳಗೇ ಬರುತ್ತದೆ. ಅದೇ ಮಹಾಪ್ರವಾಹಕ್ಕೆ ಸೇತುವೆಯೇ ಕೊಚ್ಚಿಹೋದರೆ ಅದು ಸವಕಳಿಯಲ್ಲ! ಆ ನಷ್ಟವನ್ನು ಉತ್ಪಾದನೆಯ ವೆಚ್ಚವೆಂದು ಕಳೆಯದೆ, ಆಸ್ತಿಯ ಪರಿಮಾಣದ ಇತರ ಬದಲಾವಣೆಗಳೆಂಬ ಬೇರೆ ಖಾತೆಗೆ ಹಾಕುತ್ತಾರೆ. ಕಣ್ಣಿಗೆ ಕಾಣುವ ನಾಶ ಹೊರಗೆ, ಕಾಣದ ಇಳಿಕೆ ಒಳಗೆ.

ಇನ್ನೂ ಸೂಕ್ಷ್ಮವಾದದ್ದು ‘ಮಣ್ಣಿನ ಸವಕಳಿ’. ಕನ್ನಡಿಗರ ಕಿವಿಗೆ ಈ ಜೋಡಿ ಎಷ್ಟು ಸಹಜ! ಲೆಕ್ಕಶಾಸ್ತ್ರದಲ್ಲಾದರೋ ಕಟ್ಟಡಕ್ಕೆ ಸವಕಳಿ ಉಂಟು, ಅದು ನಿಂತ ನೆಲಕ್ಕೆ ಇಲ್ಲ. ನೆಲವನ್ನು ಸಮತಟ್ಟು ಮಾಡಿದ, ಬದು ಕಟ್ಟಿದ ವೆಚ್ಚಕ್ಕೆ ಮಾತ್ರ ಉಂಟು. ಓದುಗ ದಾರಿ ತಪ್ಪುವುದು ಇಲ್ಲೇ ಎಂದು ನನಗನ್ನಿಸುತ್ತದೆ.

ವ್ಯಾಪಾರದ ಲೆಕ್ಕಪುಸ್ತಕದ ಸವಕಳಿಗೂ ದೇಶದ ಲೆಕ್ಕದ ಸವಕಳಿಗೂ ಇರುವ ಅಂತರ ಬೇರೆ. 100 ಕೊಟ್ಟು ಕೊಂಡ ಯಂತ್ರಕ್ಕೆ ಹತ್ತು ವರ್ಷ ಆಯುಸ್ಸು ಎಂದಿಟ್ಟುಕೊಳ್ಳಿ. ಸಮಪ್ರಮಾಣದಲ್ಲಿ ಕಳೆಯುವ ಪುಸ್ತಕದಲ್ಲಿ ವರ್ಷಕ್ಕೆ 10. ಅಂಥದ್ದೇ ಹೊಸ ಯಂತ್ರದ ಬೆಲೆ ಈಗ 160 ಆಗಿದ್ದರೆ ದೇಶದ ಲೆಕ್ಕದಲ್ಲಿ ಈ ವರ್ಷದ ಸವಕಳಿ 16, ಏಕೆಂದರೆ ಅಲ್ಲಿ ಕೊಂಡ ಬೆಲೆಯಲ್ಲ, ಇಂದು ಅದರ ಜಾಗ ತುಂಬಲು ಬೇಕಾಗುವ ಬೆಲೆ ಮುಖ್ಯ. ಈ ವ್ಯತ್ಯಾಸ ಮರೆಯಬಾರದೆಂದೇ ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕಪದ್ಧತಿ ತನ್ನ 2008ರ ಆವೃತ್ತಿಯಲ್ಲೂ ‘ಸ್ಥಿರ ಬಂಡವಾಳದ ಬಳಕೆ’ ಎಂಬ ಅರ್ಥದ ಮಾತನ್ನೇ ಇಟ್ಟುಕೊಂಡಿತ್ತು. 2025ರ ಆವೃತ್ತಿ ಅದರ ಬದಲು ಡಿಪ್ರಿಸಿಯೇಷನ್ ಎಂಬ ಮಾತನ್ನೇ ಬಳಸಿದೆ. ಹಾಗಾಗಿ ಸವಕಳಿಯನ್ನು ಕೈಬಿಡಬೇಕೆಂದು ನಾನು ಹೇಳಲಾರೆ. ಮೊದಲ ಸಲ ಬಂದಲ್ಲಿ ‘ಮೌಲ್ಯದ ಸವಕಳಿ’ ಎಂದು ಬಿಡಿಸಿ ಬರೆದರೆ ಸಾಕೇನೋ. ‘ಅಪಮೌಲ್ಯ’ ಮಾತ್ರ ಬೇಡ, ಅದನ್ನು ನಾಣ್ಯದ ವಿನಿಮಯ ದರ ಇಳಿಸುವುದಕ್ಕೆ ಆಗಲೇ ಕೊಟ್ಟಾಗಿದೆ.

ಕನ್ನಡದಲ್ಲಿ ತೊಡಕಾಗುವ ಎರಡನೆಯ ಪದ ‘ಸ್ಟಾಕ್’, ಅಂದರೆ ದೇಶದಲ್ಲಿರುವ ಬಂಡವಾಳವೆಲ್ಲದರ ಮೊತ್ತ. ಇದಕ್ಕೆ ‘ದಾಸ್ತಾನು’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಮಾರಾಟವಾಗದೆ ಉಳಿದ ಸರಕು, ಕಚ್ಚಾವಸ್ತು ಇವೇ ದಾಸ್ತಾನು, ಸೇತುವೆ ದಾಸ್ತಾನಲ್ಲ. ‘ಬಂಡವಾಳ ಸಂಚಯ’ ಎಂದರೆ ಒಂದು ದಿನಾಂಕದಂದು ಕೂಡಿಬಂದು ನಿಂತದ್ದು ಎಂಬ ಭಾವ ಬರುತ್ತದೆ. ಅದರಲ್ಲಿ ಸವಕಳಿ ಕಳೆಯದ ‘ಒಟ್ಟು’, ಕಳೆದ ‘ನಿವ್ವಳ’ ಎಂಬ ಭೇದವೂ ಸಲೀಸು. ಮೇಲಿನ ಯಂತ್ರವನ್ನೇ ಬೆಲೆ ಬದಲಾಗದೆಂದು ಭಾವಿಸಿ ನೋಡಿದರೆ, ಒಂಬತ್ತು ವರ್ಷ ಮುಗಿದಾಗಲೂ ಒಟ್ಟು ಸಂಚಯದಲ್ಲಿ ಅದು 100, ನಿವ್ವಳದಲ್ಲಿ ಬರೀ 10.

ಈ ಸಂಚಯವನ್ನು ಅಳೆಯುವ ಕ್ರಮಕ್ಕೂ ಹೆಸರು ಬೇಕು. ಅರ್ಥಶಾಸ್ತ್ರಜ್ಞ ರೇಮಂಡ್ ಗೋಲ್ಡ್‌ಸ್ಮಿತ್ 1951ರಲ್ಲಿ ಮುಂದಿಟ್ಟ ‘ಪರ್ಪೆಚುಯಲ್ ಇನ್ವೆಂಟರಿ’ ಕ್ರಮದಲ್ಲಿ ಯಾರೂ ಊರೂರಿಗೆ ಹೋಗಿ ಯಂತ್ರ ಎಣಿಸುವುದಿಲ್ಲ. ಹಿಂದಿನ ವರ್ಷದ ಸಂಚಯಕ್ಕೆ ಈ ವರ್ಷದ ಹೂಡಿಕೆ ಕೂಡಿ, ಸವಕಳಿ ಕಳೆದು, ಬೆಲೆಗಳನ್ನು ಒಂದೇ ಮಟ್ಟಕ್ಕೆ ತಂದು ಮುಂದುವರಿಯುತ್ತಾರೆ. ‘ನಿರಂತರ ದಾಸ್ತಾನು ಕ್ರಮ’ ಎಂಬ ಅನುವಾದ ಗೋದಾಮಿನ ಎಣಿಕೆಯನ್ನು ನೆನಪಿಗೆ ತರುತ್ತದೆ. ‘ಕೂಡುಕಳೆ ಕ್ರಮ’ ಎಂದರೆ ಮಾಡುವ ಕೆಲಸವನ್ನೇ ಹೇಳಿದಂತೆ. ಶಾಸ್ತ್ರಗ್ರಂಥಕ್ಕೆ ಇದು ತೀರ ಹಗುರವೆಂದು ಯಾರಿಗಾದರೂ ತೋರಿದರೆ ಕಾರಣ ತಿಳಿಸಬೇಕು.

ಕೊನೆಯದು ನನಗೆ ಬಗೆಹರಿಯದ್ದು. 2025ರ ಪದ್ಧತಿ ಅದಿರು, ಎಣ್ಣೆಯಂಥ ನೈಸರ್ಗಿಕ ಸಂಪತ್ತನ್ನು ಹೊರತೆಗೆದು ಮುಗಿಸುವುದನ್ನೂ ಉತ್ಪಾದನೆಯ ವೆಚ್ಚವೆಂದು ಕಳೆಯುತ್ತದೆ. ಈ ‘ಡಿಪ್ಲೀಷನ್’ ಸವಕಳಿಯ ಪಕ್ಕದಲ್ಲೇ ಬೇರೆ ಸಾಲಾಗಿ ಬರುವುದರಿಂದ ಬೇರೆಯೇ ಪದ ಬೇಕು. ‘ಕ್ಷಯ’ ಎಂದೊಡನೆ ಕಾಯಿಲೆ ನೆನಪಾಗುತ್ತದೆ, ‘ಬರಿದಾಗುವಿಕೆ’ ಪೂರ್ತಿ ಮುಗಿದಂತೆ ಕೇಳಿಸುತ್ತದೆ. ಭಾಗಶಃ ಮುಗಿಯುತ್ತ ಹೋಗುವುದಕ್ಕೆ ‘ಕರಗಿಕೆ’ ಹೊಂದೀತೇ? ಗಣಿಗಳ ಕೆಲಸದಲ್ಲಿ ಆಡುಮಾತಾಗಿ ಬಳಕೆಯಲ್ಲಿರುವ ಪದ ಗೊತ್ತಿದ್ದವರು ದಯವಿಟ್ಟು ವಾಕ್ಯದ ಸಮೇತ ಬರೆಯಿರಿ.