ಬಬ್ಲು ಸಾಧು ಆಗಿಬಿಟ್ಟ

"ನಮ್ಮ ಬಬ್ಲು ಕೊನೆಗೂ ಬುದ್ಧಿ ಕಲಿತ ಕಣ್ರಪ್ಪಾ" ಎನ್ನುತ್ತಾ ಶ್ರೀಕಂಠ ಬೆಂಚಿನ ಮೇಲೆ ಕೂತ. ಕುಕ್ಕರಹಳ್ಳಿ ಕೆರೆ ಸುತ್ತಿ ಬಂದ ಮೇಲೆ ನಮ್ಮ ಗುಂಪು ಅರ್ಧ ಗಂಟೆ ಕಾಫಿ ಕುಡಿಯುತ್ತದೆ. ಹಾಗಾಗಿ ಯಾರ ತೂಕವೂ ಇಳಿದಿಲ್ಲ.

"ಪೇಪರ್ ಹುಡುಗನಿಗೆ ಬೊಗಳುವುದಿಲ್ಲ. ಚಪ್ಪಲಿ ಮುಟ್ಟುವುದಿಲ್ಲ. ಚೆಂಡು ಎಸೆದರೆ, ನೀನೇ ಹೋಗಿ ತಗೊಂಡು ಬಾ ಅನ್ನೋ ಹಾಗೆ ನೋಡುತ್ತಾನೆ. ಇವತ್ತು ನನ್ನ ತಟ್ಟೆಯ ದೋಸೆ ಕಡೆಗೂ ತಿರುಗಲಿಲ್ಲ. ಟ್ರೇನರ್‌ಗೆ ಕೊಟ್ಟ ದುಡ್ಡು ವಸೂಲಾಯ್ತು."

"ಟ್ರೇನರ್ ಬಂದಿದ್ದು ಯಾವಾಗ?" ಗಿರಿಜಕ್ಕ ಕೇಳಿದರು.

"ಎರಡು ವರ್ಷ ಆಯ್ತು."

ಗಿರಿಜಕ್ಕನ ಮನೆಯಲ್ಲಿ ನಾಯಿ ಇಲ್ಲದ ಕಾಲವೇ ಇಲ್ಲ. "ಅಲ್ಲಪ್ಪಾ, ಲ್ಯಾಬ್ರಡಾರ್ ಊಟ ಬಿಡುವುದೂ ಒಂದೇ, ಎಮ್ಮೆ ಕೆಸರು ಬಿಡುವುದೂ ಒಂದೇ. ತುಂಟ ನಾಯಿ ಇದ್ದಕ್ಕಿದ್ದ ಹಾಗೆ ಸಾಧು ಆಯ್ತು ಅಂದರೆ ಅದಕ್ಕೆ ಮೈ ಸರಿಯಿಲ್ಲ ಅಂತ ಅರ್ಥ."

ನಾಗಣ್ಣನಿಗೆ ಇಂಥ ಹೊತ್ತಲ್ಲಿ ಸುಮ್ನೆ ಇರಲು ಬರುವುದಿಲ್ಲ. "ಮೂಗು ಒದ್ದೆ ಇದೆಯಾ? ಒದ್ದೆ ಇದ್ದರೆ ಏನೂ ಆಗಿಲ್ಲ ಬಿಡಿ."

"ಮೂಗು ನಂಬಬೇಡಿ ನಾಗಣ್ಣ. ಬಿಸಿಲಲ್ಲಿ ಮಲಗೆದ್ದರೆ ಗಟ್ಟಿಮುಟ್ಟಾದ ನಾಯಿಯ ಮೂಗೂ ಒಣಗಿರುತ್ತದೆ. ಜ್ವರ ಇದ್ದಾಗಲೂ ಒದ್ದೆ ಇರಬಹುದು. ಥರ್ಮಾಮೀಟರ್ ಇಟ್ಟು ನೋಡಬೇಕು."

"98.6 ಇದ್ದರೆ ಸಾಕಲ್ವಾ?"

"ಅದು ನಿಮಗೆ. ನಾಯಿ ಮೈ ನಮಗಿಂತ ಬಿಸಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲಿ. 103 ದಾಟಿದರೆ ಜ್ವರ."

"ನಾಲಿಗೆ ಕೆಳಗೆ ಇಡಬೇಕಾ?"

"ಅಲ್ಲ. ಹಿಂದಿನಿಂದ."

ಶ್ರೀಕಂಠ ಈ ಕೆಲಸಕ್ಕೆ ಮನೆಯಲ್ಲಿ ಯಾರನ್ನು ಒಪ್ಪಿಸುವುದು ಎಂದು ಯೋಚಿಸುತ್ತಿದ್ದುದು ಅವನ ಮುಖದಲ್ಲೇ ಕಾಣುತ್ತಿತ್ತು.

"ಅದೆಲ್ಲ ಯಾಕೆ? ಅರ್ಧ ಪ್ಯಾರಾಸಿಟಮಾಲ್ ಕೊಡಿ" ಎಂದರು ನಾಗಣ್ಣ.

ಗಿರಿಜಕ್ಕ ಲೋಟ ಕೆಳಗಿಟ್ಟರು. "ನಿಮ್ಮ ಔಷಧಿ ಡಬ್ಬಕ್ಕೆ ಬೀಗ ಹಾಕಿ ಮೊದಲು. ಪ್ಯಾರಾಸಿಟಮಾಲ್ ನಾಯಿಯ ಲಿವರ್‌ಗೆ ಹೊಡೆತ ಕೊಡುತ್ತದೆ. ಐಬುಪ್ರೊಫೆನ್ ಇನ್ನೂ ಕೆಟ್ಟದು, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಯನ್ನೂ ಬಿಡುವುದಿಲ್ಲ."

ಹಾಗಂತ ಎಲ್ಲದಕ್ಕೂ ಡಾಕ್ಟರ ಹತ್ತಿರ ಓಡಬೇಕಾ ಎಂದು ನಾನು ಕೇಳಿದೆ. ನಮ್ಮ ಬೀದಿಯಲ್ಲಿ ನಾಯಿ ಎರಡು ಎಸಳು ಹುಲ್ಲು ತಿಂದರೆ ಆಟೋ ಕರೆಯುವವರಿದ್ದಾರೆ. ನಾಗಣ್ಣನ ಷಡ್ಡಕರದ್ದು ಅದಕ್ಕಿಂತ ಮಜಾ. ಬಾಗಲಕೋಟೆಯಿಂದ ಮುಧೋಳ ನಾಯಿ ತಂದರು, ಪಕ್ಕೆಲುಬು ಕಾಣುತ್ತಿದೆ ಎಂದು ಮಾರನೇ ದಿನವೇ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಆ ತಳಿ ಇರುವುದೇ ಹಾಗೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟ್ಯಾಂಪ್ ತಂದಾಗಲೂ ಯಾರೂ ಅದಕ್ಕೆ ಊಟ ಹಾಕಿ ದಪ್ಪ ಮಾಡಿರಲಿಲ್ಲ.

"ಹುಲ್ಲು ತಿಂದು ಒಂದು ಸಲ ವಾಂತಿ ಮಾಡಿ ಮತ್ತೆ ಬಾಲ ಅಲ್ಲಾಡಿಸಿದರೆ ಸುಮ್ನಿರಿ" ಎಂದರು ಗಿರಿಜಕ್ಕ. "ಆದರೆ ಎದೆ ಆಳವಾಗಿರುವ ದೊಡ್ಡ ನಾಯಿ, ಆ ಮುಧೋಳವೇ ಇರಲಿ, ವಾಂತಿಗೆ ಓಕರಿಸುತ್ತಲೇ ಇದೆ, ಏನೂ ಬರುತ್ತಿಲ್ಲ, ಹೊಟ್ಟೆ ಉಬ್ಬಿ ಬಿಗಿಯಾಗಿದೆ ಅಂದರೆ ಬೆಳಗಾಗಲಿ ಅಂತ ಕಾಯಬಾರದು. ಹೊಟ್ಟೆಯೇ ತಿರುಚಿಕೊಂಡಿರುತ್ತದೆ. ಕೆಲವೇ ಗಂಟೆಯಲ್ಲಿ ಪ್ರಾಣ ಹೋಗುತ್ತದೆ. ಉಚ್ಚೆಗೆ ಮತ್ತೆಮತ್ತೆ ನಿಂತು ಒಂದು ಹನಿಯೂ ಬರದಿದ್ದರೂ ಅಷ್ಟೇ. ಮರಿ ವಾಂತಿ ಮಾಡಿ, ರಕ್ತ ಭೇದಿ ಶುರುವಾದರೆ ಪಾರ್ವೋ ಅನ್ನೋ ವೈರಸ್ ರೋಗ ಇರಬಹುದು, ಆಗಲೂ ಓಡಬೇಕು."

"ಬಬ್ಲುಗೆ ಅದ್ಯಾವುದೂ ಇಲ್ಲ" ಎಂದ ಶ್ರೀಕಂಠ. ದನಿ ಮಾತ್ರ ಸಣ್ಣಗಾಗಿತ್ತು.

"ಮನೆಗೆ ವಿಡಿಯೋ ಕಾಲ್ ಮಾಡು."

ಫೋನಿನಲ್ಲಿ ಮೊದಲು ಫ್ಯಾನ್ ಕಾಣಿಸಿತು. ಆಮೇಲೆ ಅವನ ಹೆಂಡತಿ ಸುಮಾಳ ಹಣೆ. ಕೊನೆಗೆ ಬಬ್ಲುವಿನ ಒಂದು ಕಣ್ಣು. "ಮೇಲ್ತುಟಿ ಎತ್ತಿ ವಸಡು ತೋರಿಸಮ್ಮ" ಎಂದರು ಗಿರಿಜಕ್ಕ. "ಬೆರಳಲ್ಲಿ ಒತ್ತಿ ಬಿಡು. ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು."

ವಾಪಸ್ ಬರಲು ಅಲ್ಲಿ ಬಣ್ಣವೇ ಇರಲಿಲ್ಲ. ಗುಲಾಬಿ ಇರಬೇಕಾದ ವಸಡು ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತ್ತು. ಕಿವಿ ಮಡಚಿ ತೋರಿಸಿದಾಗ ಒಳಗೆ ಬೂದು ಬಣ್ಣದ ಉಣ್ಣೆಗಳು ಉಬ್ಬಿ ಕೂತಿದ್ದವು. ಕಾಲ್ಬೆರಳ ಸಂದಿಯಲ್ಲಿ ಇನ್ನೊಂದಷ್ಟು.

"ಉಣ್ಣೆ ಜ್ವರ ಇದ್ದ ಹಾಗಿದೆ. ಉಚ್ಚೆ ಯಾವ ಬಣ್ಣ? ಡಿಕಾಕ್ಷನ್ ಥರ ಇದೆಯಾ?"

ನಾಗಣ್ಣ ಬಾಯಿಗೆ ತಂದಿದ್ದ ಕಾಫಿಯನ್ನು ನೋಡಿ, ಪಕ್ಕಕ್ಕಿಟ್ಟರು.

ಶ್ರೀಕಂಠ ಕಾಫಿ ದುಡ್ಡು ಕೊಡದೆ ಓಡಿದ. ಆ ವಿಷಯ ಬೇರೆಯೇ ಮಾತಾಡಬೇಕು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಎರ್ಲಿಕಿಯಾ. ಉಣ್ಣೆ ಕಚ್ಚಿದಾಗ ಒಳಗೆ ಹೋಗುವ ಬ್ಯಾಕ್ಟೀರಿಯಾ ಅದು. ಬಿಟ್ಟರೆ ರಕ್ತದ ಪ್ಲೇಟ್‌ಲೆಟ್ ಕುಸಿದು ಮೂಗಿನಿಂದ ರಕ್ತ ಬರುವವರೆಗೂ ಹೋಗುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆ, 28 ದಿನ, ಊಟದ ಜೊತೆ. ನಡುವೆ ಲವಲವಿಕೆ ಬಂತು ಅಂತ ನಿಲ್ಲಿಸುವ ಹಾಗಿಲ್ಲ.

ಈಗ ಬೆಂಚಿನ ಮೇಲೆ ಮಾತ್ರೆಯದ್ದೇ ಚರ್ಚೆ. ಬಬ್ಲುಗೆ ಹಸಿವು ಬಂದಿದೆ, ಜೊತೆಗೆ ಕಿಲಾಡಿತನವೂ. ಇಡ್ಲಿಯೊಳಗೆ ಇಟ್ಟರೆ ಇಡ್ಲಿ ತಿಂದು ಮಾತ್ರೆಯನ್ನು ತೊಳೆದಿಟ್ಟ ಹಾಗೆ ನೆಲದ ಮೇಲೆ ಬಿಡುತ್ತಾನೆ. ಬೆಣ್ಣೆ ಸವರಿದರೆ ಬೆಣ್ಣೆ ಮಾತ್ರ ಹೋಗುತ್ತದೆ.

"ಬಾಯಿ ತೆರೆಸಿ ನಾಲಿಗೆಯ ಹಿಂಭಾಗಕ್ಕೆ ಇಡು. ಬಾಯಿ ಮುಚ್ಚಿ ಹಿಡಿದು ಗಂಟಲು ಸವರು, ನುಂಗುತ್ತಾನೆ. ಮೇಲೆ ಊಟ ಕೊಡು" ಎಂದರು ಗಿರಿಜಕ್ಕ.

ನಾಗಣ್ಣ ನಕ್ಕರು. "ನನ್ನ ಬಿಪಿ ಮಾತ್ರೆನೂ ಹೀಗೇ ಕೊಡಬೇಕು ಅಂತಾಳೆ ನಮ್ಮ ಮನೆಯವಳು."

"ನಿಮ್ಮದು ತೆರೆಸುವುದೇನೋ ಸುಲಭ ನಾಗಣ್ಣ" ಎಂದರು ಗಿರಿಜಕ್ಕ. "ಮುಚ್ಚಿಸುವುದಕ್ಕೆ ಯಾವ ಡಾಕ್ಟರ ಹತ್ತಿರ ಹೋಗೋಣ?"