ಏಜ್ ಆಫ್ ಎಂಪೈರ್ಸ್ 2: ಪರದೆಯ ಮೇಲಿನ ಒಬ್ಬ ಸವಾರ ಒಬ್ಬನೇ ಸವಾರನೇ, ಒಂದು ದಳವೇ?

ಕೋಟೆಬಾಗಿಲು:
ನಿನ್ನೆ ರಾತ್ರಿ ಈ ಕಂಪ್ಯೂಟರ್ ಯುದ್ಧದಾಟವನ್ನು ನಡುವೆ ನಿಲ್ಲಿಸಿ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಮನೆಯೊಂದರ ಪಕ್ಕದಲ್ಲಿ ಕುದುರೆ ಸವಾರ ನಿಂತಿದ್ದ. ಅವನು ಆ ಮನೆಯ ಬಾಗಿಲಲ್ಲಿ ಕುದುರೆ ಸಮೇತ ನುಗ್ಗಲು ಸಾಧ್ಯವೇ ಇಲ್ಲ. ಆದರೂ ಒಂದು ಮನೆ ಕಟ್ಟಿದರೆ ಐದು ಸವಾರರಿಗೆ ಜಾಗವಾಯಿತು ಎಂದು ಆಟ ಲೆಕ್ಕ ಹಾಕುತ್ತದೆ. ಐದು ಆನೆಗಳಿಗೂ ಅದೇ ಒಂದು ಮನೆ ಸಾಕು! ಅಂದ ಮೇಲೆ ಇಲ್ಲಿ ಯಾವುದೂ ನಿಜವಾದ ಅಳತೆಯಲ್ಲಿಲ್ಲ. ಮನೆ ಎಂದರೆ ಒಂದು ಕೇರಿ, ಸವಾರ ಎಂದರೆ ಸುಮಾರು ಐವತ್ತು ಜನರ ದಳ. ಒಬ್ಬ ಆಟಗಾರನ ಜನಸಂಖ್ಯೆಯ ಮಿತಿ ಸಾಮಾನ್ಯವಾಗಿ 200. ಒಬ್ಬೊಬ್ಬನನ್ನೂ ಒಬ್ಬನೆಂದೇ ಎಣಿಸಿದರೆ ಅದು ಸಾಮ್ರಾಜ್ಯವಾಗುವುದು ಹೇಗೆ?

ಗರಡಿಮನೆ:
"ಯಾವುದೂ ನಿಜವಾದ ಅಳತೆಯಲ್ಲಿಲ್ಲ" ಎಂಬುದು ತಪ್ಪು. 1999ರ ಮೂಲ ಆಟದಲ್ಲೇ ಫ್ರಾನ್ಸಿನ ವೀರವನಿತೆ ಜೋನ್ ಆಫ್ ಆರ್ಕ್ ಕಥೆಯಿದೆ. ಜೋನ್ ಒಬ್ಬಳೇ ಹೆಣ್ಣುಮಗಳು, ಐವತ್ತು ಜನ ಜೋನ್‌ಗಳಿಲ್ಲ. ಅವಳ ಪಕ್ಕದಲ್ಲೇ ಕುದುರೆ ಓಡಿಸುವ ಸವಾರ ಅವಳಷ್ಟೇ ಎತ್ತರ, ಅವನ ಕತ್ತಿಯೂ ಒಂದೇ. ಬಿಲ್ಲುಗಾರರನ್ನು ಗೋಪುರದೊಳಗೆ ಕಳುಹಿಸಿ ನೋಡಿ, ಜನ ಹೆಚ್ಚಿದಂತೆ ಬಾಣಗಳು ಹೆಚ್ಚುತ್ತವೆ. ಒಬ್ಬ ಎಂದರೆ ಒಬ್ಬನೇ.

ಹಂಪಿಯ ನೆರಳು:
ಐವತ್ತು ಎಂಬ ಸಂಖ್ಯೆ ಎಲ್ಲಿಂದ ಬಂತು? ಇತಿಹಾಸದ ಆಟಕ್ಕೆ ಇತಿಹಾಸದ ಲೆಕ್ಕವೇ ಬೇಕು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಹೊರಟಾಗ ಅವನ ಜೊತೆ 7,03,000 ಕಾಲಾಳುಗಳು, 32,600 ಕುದುರೆಗಳು, 551 ಆನೆಗಳು ಇದ್ದವೆಂದು ಪೋರ್ಚುಗೀಸ್ ನ್ಯೂನಿಜ್ ಬರೆದಿದ್ದಾನೆ. ಅದನ್ನು ಇನ್ನೂರಕ್ಕೆ ಇಳಿಸಿದರೆ ಒಂದು ಯೂನಿಟ್ (ಪರದೆಯ ಮೇಲಿನ ಒಂದು ಆಳು) ಎಂದರೆ ಮೂರೂವರೆ ಸಾವಿರಕ್ಕೂ ಹೆಚ್ಚು ಜನ. ಐವತ್ತು ಎನ್ನುವುದು ನಮ್ಮ ಚರಿತ್ರೆಗೆ ಮಾಡುವ ಅವಮಾನ.

ಲೆಕ್ಕದ ಮೇಷ್ಟರು:
ನ್ಯೂನಿಜ್ ರಾಯಚೂರಿನ ಯುದ್ಧವನ್ನು ಕಣ್ಣಾರೆ ಕಂಡವನಲ್ಲ. ಅವನು ಬರೆದದ್ದು ಸುಮಾರು 1535ರ ಹೊತ್ತಿಗೆ, ಕುದುರೆ ವ್ಯಾಪಾರಕ್ಕೆ ಬಂದಾಗ. ಒಬ್ಬ ಕಾಲಾಳಿಗೆ ದಿನಕ್ಕೆ ಅರ್ಧ ಕಿಲೋ ಧಾನ್ಯ ಎಂದಿಟ್ಟುಕೊಂಡರೂ ಏಳು ಲಕ್ಷ ಜನಕ್ಕೆ ದಿನವೊಂದಕ್ಕೆ 350 ಟನ್ ಬೇಕು. ಒಂದು ಎತ್ತು ನೂರು ಕಿಲೋ ಹೊತ್ತರೆ ದಿನಕ್ಕೆ 3,500 ಎತ್ತು, ತಿಂಗಳಿಗೆ ಲಕ್ಷ ಎತ್ತಿನ ಹೊರೆ. ಕುದುರೆಗಳ ಮೇವನ್ನು ನಾನು ಇನ್ನೂ ಸೇರಿಸಿಲ್ಲ.

ಬೀದಿದೀಪ:
ಸಿವಿಲೈಜೇಷನ್ 5 ಆಡಿದವರು ಇಲ್ಲಿ ಯಾರೂ ಇಲ್ಲವೇ? ಅಲ್ಲಿ ಆಟ ಕ್ರಿ.ಪೂ. 4000ದಲ್ಲಿ ಶುರುವಾಗುತ್ತದೆ, ಸಾಮಾನ್ಯ ವೇಗದಲ್ಲಿ ಮೊದಮೊದಲ ಒಂದು ಸರದಿ ಎಂದರೆ ನಲವತ್ತು ವರ್ಷ. ಒಬ್ಬ ಯೋಧ ಆಟದ ಪಟದ ಮೇಲೆ ನಾಲ್ಕು ಮನೆ ನಡೆಯುವಷ್ಟರಲ್ಲಿ ಎಂಬತ್ತು ವರ್ಷ ಕಳೆದಿರುತ್ತದೆ. ಅವನು ಒಬ್ಬ ಮನುಷ್ಯನಾಗಿರಲು ಸಾಧ್ಯವಿಲ್ಲ. ತಲೆಮಾರಿನಿಂದ ತಲೆಮಾರಿಗೆ ಮುಂದುವರಿಯುವ ಒಂದು ಪಡೆ ಅವನು.

ಹಂಪಿಯ ನೆರಳು:
"ಕಣ್ಣಾರೆ ಕಂಡವನಲ್ಲ" ಎನ್ನುವ ಮೇಷ್ಟರೇ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಅದೇ ಕಾಲದಲ್ಲಿ ವಿಜಯನಗರದಲ್ಲೇ ಇದ್ದ. ರಾಯನ ಬಳಿ ಸದಾ ಹತ್ತು ಲಕ್ಷ ಸೈನಿಕರಿದ್ದರೆಂದು ಅವನು ಬರೆದಿದ್ದಾನೆ. ಇಬ್ಬರು ವಿದೇಶೀಯರು, ಇಬ್ಬರದೂ ಲಕ್ಷಗಳ ಮಾತು. ನಮ್ಮವರೇ ಹೊಗಳಿ ಬರೆದಿದ್ದರೆ ನಿಮ್ಮ ಅನುಮಾನ ಸರಿ ಎನ್ನಬಹುದಿತ್ತು.

ಲೆಕ್ಕದ ಮೇಷ್ಟರು:
"ಸದಾ" ಎಂಬ ನಿಮ್ಮದೇ ಮಾತನ್ನು ಮತ್ತೊಮ್ಮೆ ಓದಿಕೊಳ್ಳಿ. ಅಮರನಾಯಕರು ತಮ್ಮ ತಮ್ಮ ಸೀಮೆಗಳಲ್ಲಿ ಸಾಕಬೇಕಾಗಿದ್ದ ಪಡೆಗಳೆಲ್ಲ ಆ ಹತ್ತು ಲಕ್ಷದೊಳಗೆ ಬರುತ್ತವೆ. ರಾಜ್ಯದ ಒಟ್ಟು ಬಲ ಬೇರೆ, ಒಂದೇ ದಾರಿಯಲ್ಲಿ ಒಂದೇ ಬೇಸಿಗೆಯಲ್ಲಿ ನಡೆದ ಸೇನೆ ಬೇರೆ.

ಆನೆಲಾಯ:
ನ್ಯೂನಿಜ್‌ನನ್ನು ಒಪ್ಪಿದರೂ ಆಟಕ್ಕೆ ಅವನು ಹೊಂದುವುದಿಲ್ಲ. 551 ಆನೆ, ಉಳಿದವರು ಏಳು ಲಕ್ಷದ ಮೂವತ್ತೈದು ಸಾವಿರ. ಅಂದರೆ 1,300ಕ್ಕೂ ಹೆಚ್ಚು ಜನಕ್ಕೆ ಒಂದು ಆನೆ. ಈ ಪ್ರಮಾಣದಲ್ಲಿ ಇನ್ನೂರರ ಸೇನೆಗೆ ಒಂದು ಪೂರ್ತಿ ಆನೆಯೂ ದಕ್ಕದು. ನಾನು ನಲವತ್ತು ಆನೆ ಕಟ್ಟಿ ಆಡುತ್ತೇನೆ. ಯೂನಿಟ್ ಎಂದರೆ ಜನರ ಎಣಿಕೆ ಅಲ್ಲವೇ ಅಲ್ಲ, ಅದು ಬಲದ ಎಣಿಕೆ. ಇನ್ನೊಂದು ನೋವೂ ಇದೆ. 2022ರ ಏಪ್ರಿಲ್‌ನಲ್ಲಿ ಆಟ ತಯಾರಿಸುವವರು ದ್ರಾವಿಡರು ಎಂಬ ಹೆಸರಿನಲ್ಲಿ ದಕ್ಷಿಣದವರನ್ನೆಲ್ಲ ಒಂದೇ ಮೂಟೆ ಕಟ್ಟಿದರು. ಆ ದ್ರಾವಿಡರಿಗೆ ನೈಟ್ ಎಂಬ ಕವಚಧಾರಿ ಸವಾರರೇ ಇಲ್ಲ. ಕುದುರೆಗಾಗಿ ಗೋವೆಯ ಪೋರ್ಚುಗೀಸರ ಜೊತೆ ಅಷ್ಟೊಂದು ವ್ಯವಹಾರ ನಡೆಸಿದ ವಿಜಯನಗರ ಆ ಮೂಟೆಯಲ್ಲಿ ಕಾಣುವುದೇ ಇಲ್ಲ.

ಹಂಪಿಯ ನೆರಳು:
"ಒಪ್ಪಿದರೂ" ಎಂದರೇನು? ಒಪ್ಪಲೇಬೇಕು. ದಾರಿಯುದ್ದಕ್ಕೂ ಹತ್ತು ಹನ್ನೆರಡು ಸಾವಿರ ಜನ ತೊಗಲಿನ ಚೀಲಗಳಲ್ಲಿ ನೀರು ಹೊತ್ತು ನಿಂತು, ನೀರು ತಂದುಕೊಡುವವರಿಲ್ಲದ ಸೈನಿಕರಿಗೆ ಕುಡಿಸುತ್ತಿದ್ದರು ಎಂದು ನ್ಯೂನಿಜ್ ಬರೆಯುತ್ತಾನೆ. ಸುಳ್ಳು ಹೇಳುವವನಿಗೆ ಇಂಥ ವಿವರ ಹೊಳೆಯುವುದಿಲ್ಲ. ಮೇಷ್ಟರೇ, ನಿನಗೆ ಎತ್ತಿನ ಲೆಕ್ಕ ಗೊತ್ತು, ಸೇನೆಯ ಲೆಕ್ಕ ಗೊತ್ತಿಲ್ಲ.

ಲೆಕ್ಕದ ಮೇಷ್ಟರು:
ಏಕವಚನ ಬೇಡ. ನಾನು ನಿಮ್ಮನ್ನು ಒಮ್ಮೆಯೂ ಹಾಗೆ ಕರೆದಿಲ್ಲ.

ಗರಡಿಮನೆ:
ಅದೇ ನ್ಯೂನಿಜ್ ಇನ್ನೊಂದು ಮಾತು ಬರೆದಿದ್ದಾನೆ, ಅದನ್ನು ಏಕೆ ಯಾರೂ ಎತ್ತುವುದಿಲ್ಲ? ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ಕ್ರಿಸ್ಟೊವಾವ್ ದ ಫಿಗೆರೆಡೊ ಎಂಬ ಪೋರ್ಚುಗೀಸನು ಬೆರಳೆಣಿಕೆಯ ಬಂದೂಕುದಾರರೊಂದಿಗೆ ಗೋಡೆಯ ಮೇಲೆ ತಲೆ ಎತ್ತಿದವರನ್ನು ಒಬ್ಬೊಬ್ಬರಾಗಿ ಹೊಡೆದುರುಳಿಸಿದ. ಗೋಡೆ ಕಾಯುವವರು ಹಿಂದೆ ಸರಿದರು, ಕೆಳಗಿನವರು ಕಲ್ಲು ಕೀಳಲು ಶುರುಮಾಡಿದರು. ನನ್ನ ಪರದೆಯ ಮೇಲೆ ಕಾಣುವುದು ಇದೇ ದೃಶ್ಯ. ಅಲ್ಲಿ ಮೂರೂವರೆ ಸಾವಿರದ ದಳಗಳಿಲ್ಲ.

ಹಂಪಿಯ ನೆರಳು:
ಏಕವಚನ ಬಾಯಿತಪ್ಪಿ ಬಂತು, ಅದನ್ನು ಹಿಂದಕ್ಕೆ ಪಡೆಯುತ್ತೇನೆ. ಲೆಕ್ಕವನ್ನು ಹಿಂದಕ್ಕೆ ಪಡೆಯುವುದಿಲ್ಲ. ಗರಡಿಮನೆಯವರೇ, ಬಂದೂಕಿನ ವಿಷಯದಲ್ಲಿ ನ್ಯೂನಿಜ್ ಸತ್ಯವಂತ, ಸೇನೆಯ ವಿಷಯದಲ್ಲಿ ಮೇಷ್ಟರಿಗೆ ಅವನು ಸುಳ್ಳುಗಾರ. ಯಾವುದಾದರೂ ಒಂದು ಕಡೆ ನಿಲ್ಲಿ.

ಲೆಕ್ಕದ ಮೇಷ್ಟರು:
ಸುಳ್ಳುಗಾರ ಎಂಬ ಪದ ನನ್ನದಲ್ಲ. ನೀರಿನವರನ್ನು ನಾನು ಪೂರ್ತಿ ನಂಬುತ್ತೇನೆ, ನಂಬುವುದರಿಂದಲೇ ಏಳು ಲಕ್ಷವನ್ನು ನಂಬುವುದಿಲ್ಲ. ಹನ್ನೆರಡು ಸಾವಿರ ಜನ ನೀರು ಹೊತ್ತರೆ ಒಬ್ಬೊಬ್ಬನ ಪಾಲಿಗೆ ಅರವತ್ತೊಂದು ಬಾಯಿ. ಚೀಲಕ್ಕೆ ಮೂವತ್ತು ಲೀಟರ್ ಎಂದರೆ ತಲೆಗೆ ಅರ್ಧ ಲೀಟರ್. ರಾಯಚೂರಿನ ಮೇ ತಿಂಗಳ ಬಿಸಿಲು ಕಂಡವರು ಹೇಳಲಿ, ಅರ್ಧ ಲೀಟರ್ ನೀರಿನಲ್ಲಿ ಕವಚ ತೊಟ್ಟವನು ಎಷ್ಟು ದೂರ ನಡೆದಾನು? ನನ್ನ ಅಜ್ಜಿಯ ಊರು ಮಾನ್ವಿ ತಾಲ್ಲೂಕಿನಲ್ಲಿದೆ. ಅಲ್ಲಿ ಏಪ್ರಿಲ್‌ನಲ್ಲಿ ಹೊಲಕ್ಕೆ ಹೋಗುವವರು ತಂಬಿಗೆ ಒಯ್ಯುವುದಿಲ್ಲ, ಕೊಡವನ್ನೇ ಹೊತ್ತು ಹೋಗುತ್ತಾರೆ.

ಹಂಪಿಯ ನೆರಳು:
ಚೀಲ ಬರಿದಾದ ಮೇಲೆ ಮತ್ತೆ ತುಂಬಿಕೊಳ್ಳುವುದಿಲ್ಲವೇ? ಒಂದೇ ಸಲದ ಲೆಕ್ಕ ಹಾಕಿ ದಿನದ ಲೆಕ್ಕ ಎಂದು ಮಾರುತ್ತಿದ್ದೀರಿ. ಅಲ್ಲದೆ ಆ ನೀರು ಸ್ವಂತ ಆಳುಗಳಿಲ್ಲದವರಿಗೆ ಮಾತ್ರ ಎಂದು ನಾನು ಮೇಲೆಯೇ ಬರೆದಿದ್ದೇನೆ.

ಕೋಟೆಬಾಗಿಲು:
ಚರ್ಚೆ ಶುರುಮಾಡಿದವನು ನಾನು. ಮನೆಯ ಬಾಗಿಲಿನ ಬಗ್ಗೆ ಇಷ್ಟು ಹೊತ್ತಾದರೂ ಒಬ್ಬರೂ ಉತ್ತರಿಸಿಲ್ಲ. ಇರಲಿ, ಮೇಷ್ಟರು ಹೇಳಿದ ಅರವತ್ತೊಂದನ್ನು ಗಮನಿಸಿ. ಒಬ್ಬ ನೀರಿನವನು ನೋಡಿಕೊಳ್ಳುತ್ತಿದ್ದ ಗುಂಪು ಅದು. ನಾನು ಐವತ್ತು ಎಂದಿದ್ದೆ. ದಳದ ಗಾತ್ರ ಅಲ್ಲೇ ಸುತ್ತಮುತ್ತ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕೇ?

ಲೆಕ್ಕದ ಮೇಷ್ಟರು:
ನಾನು ಅಲ್ಲಗಳೆದ ಸಂಖ್ಯೆಯನ್ನೇ ಭಾಗಿಸಿ ಬಂದ ಉತ್ತರ ಅದು. ದಯವಿಟ್ಟು ಅದನ್ನು ನನ್ನ ಹೆಸರಿಗೆ ಹಚ್ಚಬೇಡಿ.

ಗರಡಿಮನೆ:
ಕೋಟೆಬಾಗಿಲು ಅವರೇ, ಆಟದಲ್ಲಿ ನೀರು ಹೊರುವವನೇ ಇಲ್ಲ. ಸನ್ಯಾಸಿಯೊಬ್ಬ ಮಂತ್ರ ಹೇಳಿ ಎದುರಾಳಿಯ ಸವಾರನನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಾನಲ್ಲ, ಆಗ ಬಣ್ಣ ಬದಲಾಗುವುದು ಒಂದೇ ಕುದುರೆಯದು. ನಿಮ್ಮ ಉಳಿದ ನಲವತ್ತೊಂಬತ್ತು ಜನ ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ?